ರಾತ್ರಿ ಐದಾರು ತಾಸು ಕರೆಂಟ್ ಹೋದರೆ ಬಾಲ್ ಪೈಥಾನ್, ಬಿಯರ್ಡಿ ಬೆಚ್ಚಗಿಡುವುದು ಹೇಗೆ? (ಬೆಳಗಾವಿ)

ಟಿಳಕವಾಡಿ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂರೂವರೆ ಅಡಿಯ ಒಂದು ಬಾಲ್ ಪೈಥಾನ್ (ಹೆಬ್ಬಾವಿನ ಸಣ್ಣ ಜಾತಿ), ಪೂರ್ತಿ ಬೆಳೆದ ಒಂದು ಬಿಯರ್ಡೆಡ್ ಡ್ರ್ಯಾಗನ್ (ಬಿಯರ್ಡಿ, ದೊಡ್ಡ ಹಲ್ಲಿಯಂಥದ್ದು) ಇವೆ. ಹಾವಿನ ಪೆಟ್ಟಿಗೆ ಗಾಜಿನದು, 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಮೇಲೆ ಜಾಳಿಗೆ ಮುಚ್ಚಳ. ಕೆಳಗೆ 20 ವ್ಯಾಟಿನ ಹೀಟ್ ಮ್ಯಾಟ್, ಮೇಲೆ 100 ವ್ಯಾಟಿನ ಸಿರಾಮಿಕ್ ಹೀಟರ್ (ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವುದು), ಎರಡಕ್ಕೂ ಬೇರೆ ಬೇರೆ ಆನ್-ಆಫ್ ಥರ್ಮೋಸ್ಟಾಟ್ (ಬಿಸಿ ಅಳೆದು ತಾನೇ ಆನ್-ಆಫ್ ಮಾಡುವ ಸಾಧನ). ಡಿಸೆಂಬರ್-ಜನವರಿಯಲ್ಲಿ ಕೋಣೆ ರಾತ್ರಿ 17 ಡಿಗ್ರಿಗೆ ಇಳಿಯುತ್ತದೆ. ಮಳೆಗಾಲದಲ್ಲಿ 21ರ ಆಸುಪಾಸು ಇರುತ್ತದೆ, ಆದರೆ ಗಾಳಿಮಳೆಗೆ ತಂತಿಯ ಮೇಲೆ ಕೊಂಬೆ ಬಿದ್ದು ಕರೆಂಟ್ ತಾಸುಗಟ್ಟಲೆ ಹೋಗುವುದು ಆಗಲೇ ಜಾಸ್ತಿ.

ಇನ್ವರ್ಟರ್ ಇಲ್ಲ. ಕಂಪ್ಯೂಟರಿನ 600 ವಿಎ ಯುಪಿಎಸ್ ಒಂದಿದೆ. ಇದಕ್ಕೆ ಹೀಟರ್ ಹಚ್ಚಿದರೆ ಎಷ್ಟು ಹೊತ್ತು ನಡೆಯುತ್ತದೆ? ಎಷ್ಟು ಡಿಗ್ರಿಗೆ ಇಳಿದರೆ ನಿಜವಾಗಿ ಅಪಾಯ? ಬಿಸಿನೀರಿನ ಬಾಟಲಿ ಇಡುವುದಾದರೆ ಎಷ್ಟು ಬಿಸಿ, ಎಷ್ಟು ನೀರು? ಅಂದಾಜು ಬೇಡ, ಲೆಕ್ಕ ಗೊತ್ತಿದ್ದವರು ಹೇಳಿ.

ಕೌದಿ:

ಮೊದಲು ಅಪಾಯದ ಗಡಿ ಹೇಳಿಬಿಡುತ್ತೇನೆ, ಗಾಬರಿ ಅರ್ಧ ಅಲ್ಲೇ ಇಳಿಯುತ್ತದೆ. ಬಿಯರ್ಡಿ ಆಸ್ಟ್ರೇಲಿಯಾದ ಒಣ ನೆಲದ ಪ್ರಾಣಿ, ಅಲ್ಲಿ ರಾತ್ರಿ ಚಳಿ ಸಹಜ. ಆರೋಗ್ಯವಾಗಿರುವ ದೊಡ್ಡ ಬಿಯರ್ಡಿಗೆ ರಾತ್ರಿ 18 ಡಿಗ್ರಿ ತೊಂದರೆಯಲ್ಲ. ಕತ್ತಲಲ್ಲಿ ಅದಕ್ಕೆ ಬಲ್ಬೂ ಬೇಕಿಲ್ಲ. ಪೆಟ್ಟಿಗೆ ಮುಚ್ಚಿ, ಮಲಗಲು ಬಿಡಿ. ನಿಮ್ಮ ಗಮನವೆಲ್ಲ ಹಾವಿನ ಮೇಲಿರಲಿ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ್ದು. ಬಿಸಿ ಬದಿ 31ರಿಂದ 33, ತಂಪು ಬದಿ 25ರಿಂದ 27 ಅದಕ್ಕೆ ಹಿತ. ಒಂದು ರಾತ್ರಿ 22-23ಕ್ಕೆ ಇಳಿದರೂ ಹೊಟ್ಟೆ ಖಾಲಿ ಇದ್ದರೆ ತಡೆದುಕೊಳ್ಳುತ್ತದೆ. 20ರ ಕೆಳಗೆ ತಾಸುಗಟ್ಟಲೆ, ಅದೂ ಒದ್ದೆ ಹಾಸಿನ ಮೇಲೆ ಕೂತರೆ ಶ್ವಾಸಕೋಶದ ಸೋಂಕಿಗೆ ದಾರಿ.

ಹಾಗಾಗಿ ಕರೆಂಟ್ ಹೋದ ಕೂಡಲೇ ಬಿಸಿ ಮಾಡಲು ಓಡಬೇಡಿ, ಇರುವ ಬಿಸಿಯನ್ನು ಹಿಡಿದಿಡಿ. ನಿಮ್ಮ ಪೆಟ್ಟಿಗೆಯಲ್ಲಿ ದೊಡ್ಡ ತೂತು ಎಂದರೆ ಜಾಳಿಗೆ ಮುಚ್ಚಳವೇ, ಬಿಸಿಗಾಳಿ ಮೇಲಿನಿಂದಲೇ ಹೋಗುತ್ತದೆ. ಒಂದು ಇಂಚು ದಪ್ಪದ ಥರ್ಮಾಕೋಲ್ ಹಾಳೆಯನ್ನು ಮುಚ್ಚಳದ ಅಳತೆಗೆ ಮೊದಲೇ ಕತ್ತರಿಸಿಟ್ಟುಕೊಳ್ಳಿ, ತಂಪು ಬದಿಯಲ್ಲಿ ಎರಡು ಬೆರಳಗಲ ಮಾತ್ರ ಗಾಳಿಗೆ ಬಿಡಿ. ಹಿಂದೆ ಮತ್ತು ಎರಡೂ ಬದಿಗೆ ಕೌದಿ ಇಲ್ಲವೇ ಕುರಿ ಕಂಬಳಿ ಸುತ್ತಿ. ಮುಂದಿನ ಗಾಜಿಗೆ ಇಳಿಬಿಟ್ಟ ಮಡಿಕೆಯನ್ನು ಎತ್ತಿ ಥರ್ಮಾಮೀಟರ್ ನೋಡುವಂತಿರಲಿ. ಪದೇ ಪದೇ ಬಾಗಿಲು ತೆರೆದು ಹಾವನ್ನು ಮುಟ್ಟಿ ನೋಡುವುದು ಬೇಡ. ಒಂದೊಂದು ಸಲ ತೆರೆದಾಗಲೂ ಒಳಗಿನ ಬಿಸಿಗಾಳಿ ಪೂರ್ತಿ ಬದಲಾಗುತ್ತದೆ.

ಒಂದು ಎಚ್ಚರಿಕೆ. ಹೊದಿಸುವ ಮುಂಚೆ ಸಿರಾಮಿಕ್ ಹೀಟರಿನ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ದೇನೆ ಎಂಬ ನೆನಪನ್ನು ನಂಬಬೇಡಿ. ನಡುರಾತ್ರಿ ಎಲ್ಲರೂ ಮಲಗಿದಾಗ ಕರೆಂಟ್ ಬಂದರೆ ಆ ಹೀಟರಿನ ಮೈ ಇನ್ನೂರು ಡಿಗ್ರಿ ದಾಟುತ್ತದೆ, ಅದರ ಮೇಲೆ ಥರ್ಮಾಕೋಲ್ ಮತ್ತು ಅರಿವೆ ಇರುತ್ತವೆ. ಚಳಿಗಿಂತ ದೊಡ್ಡ ಅನಾಹುತ ಇದು.

ಬಾಟಲಿಯ ಲೆಕ್ಕ: ಒಂದು ಲೀಟರ್ ನೀರು ಒಂದು ಡಿಗ್ರಿ ಆರಿದರೆ 1.16 ವ್ಯಾಟ್-ಅವರ್ ಬಿಸಿ ಬಿಡುತ್ತದೆ. ಎರಡು ಲೀಟರ್ ನೀರು 50ರಿಂದ 30ಕ್ಕೆ ಇಳಿದರೆ ಸುಮಾರು 46 ವ್ಯಾಟ್-ಅವರ್. ಅಂದರೆ ನಿಮ್ಮ 20 ವ್ಯಾಟಿನ ಮ್ಯಾಟ್ ಎರಡು ತಾಸಿನ ಮೇಲೆ ಕೊಡುವಷ್ಟು. ಗ್ಯಾಸ್ ಒಲೆಗೆ ಕರೆಂಟ್ ಬೇಡವಲ್ಲ, ಹಾಗಾಗಿ ಇದು ನಂಬಿಕಸ್ಥ ದಾರಿ. ಕುದಿನೀರು ಬೇಡ: ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗುತ್ತದೆ, ಬಿರಡೆ ಸಡಿಲಾಗಿ ಹಾಸು ಒದ್ದೆಯಾಗುತ್ತದೆ. 50 ಡಿಗ್ರಿಯ ನೀರು ತುಂಬಿ, ಟವೆಲ್ ಎರಡು ಸುತ್ತು ಸುತ್ತಿ, ಟವೆಲಿನ ಹೊರಮೈ 35 ದಾಟದಂತೆ ನೋಡಿ. ಹಾವು ಬಿಸಿಯಾದ ಜಾಗದಿಂದ ತಾನಾಗಿ ಸರಿಯುತ್ತದೆ ಎಂದು ಎಣಿಸಬೇಡಿ, ಅಲ್ಲೇ ಸುರುಳಿ ಸುತ್ತಿಕೊಂಡು ಹೊಟ್ಟೆಯ ಚರ್ಮ ಸುಟ್ಟುಕೊಳ್ಳುತ್ತವೆ. ಬಾಟಲಿ ಉರುಳದಂತೆ ಎರಡೂ ಕಡೆ ಇಟ್ಟಿಗೆ ಚೂರು ಕೊಡಿ. ಫ್ಲಾಸ್ಕಿನಲ್ಲಿ ನೀರು ತುಂಬಿ ಅದನ್ನೇ ಒಳಗಿಡುವವರಿದ್ದಾರೆ. ಫ್ಲಾಸ್ಕ್ ಬಿಸಿ ಬಿಡುವುದೇ ಇಲ್ಲ, ಅದು ನೀರು ಕೂಡಿಡಲಿಕ್ಕೆ ಮಾತ್ರ.

ಬಿಸಿ ಹಿಡಿಯುತ್ತದೆಂದು ಶಹಾಬಾದ್ ಕಲ್ಲು ಕಾಯಿಸಿ ಇಡುವ ರೂಢಿಯೂ ಇದೆ. ಅದೇ ತೂಕದ ನೀರು ಹಿಡಿಯುವ ಬಿಸಿಯ ಐದನೇ ಒಂದು ಪಾಲು ಮಾತ್ರ ಕಲ್ಲು ಹಿಡಿಯುತ್ತದೆ. ಮೇಲಾಗಿ ಒಲೆಯ ಮೇಲಿಟ್ಟ ಕಲ್ಲು ಎಲ್ಲಿ ಎಷ್ಟು ಕಾದಿದೆ ಎಂದು ಕೈಗೆ ತಿಳಿಯುವುದಿಲ್ಲ.

ಕೋಣೆಯೇ 17ಕ್ಕೆ ಇಳಿದು ಕರೆಂಟ್ ಬರುವ ಲಕ್ಷಣವಿಲ್ಲದಿದ್ದರೆ ದೊಡ್ಡ ಪೆಟ್ಟಿಗೆಯ ಜೊತೆ ಗುದ್ದಾಡಬೇಡಿ. ಹಾವನ್ನು ಹೊಲಿಗೆ ಬಿಡದ ದಿಂಬಿನ ಚೀಲಕ್ಕೆ ಇಳಿಸಿ, ಬಾಯಿ ತಿರುಚಿ ಗಂಟು ಹಾಕಿ, ಒಂದೂವರೆ ಅಡಿಯ ಥರ್ಮಾಕೋಲ್ ಡಬ್ಬಿಯಲ್ಲಿಡಿ. ಔಷಧಿ ಅಂಗಡಿ, ಮೀನು ಪೇಟೆಯಲ್ಲಿ ಸಿಗುವ ಡಬ್ಬಿ ಸಾಕು, ಮೀನಿನದಾದರೆ ತೊಳೆದು ಬಿಸಿಲಿಗೆ ಒಣಗಿಸಿ. ಪೆನ್ಸಿಲ್ ದಪ್ಪದ ಆರೆಂಟು ತೂತು ಇರಲಿ. ಒಂದು ತುದಿಗೆ ಸುತ್ತಿದ ಒಂದು ಲೀಟರ್ ಬಾಟಲಿ, ಇನ್ನೊಂದು ತುದಿಗೆ ಚೀಲ, ಥರ್ಮಾಮೀಟರಿನ ಪ್ರೋಬ್ (ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಭಾಗ) ಚೀಲಕ್ಕೆ ತಾಗಿರಲಿ. ಜಾಗ ಚಿಕ್ಕದಾದಷ್ಟೂ ಬಾಟಲಿ ಹೆಚ್ಚು ಹೊತ್ತು ಬರುತ್ತದೆ.

ಅದೇ ಕೋಣೆಯಲ್ಲಿ ಇದ್ದಿಲ ಶೇಗಡಿ, ಸೀಮೆಎಣ್ಣೆ ಸ್ಟೋವ್, ಜನರೇಟರ್ ಬೇಡವೇ ಬೇಡ. ಕಿಟಕಿ ಹಾಕಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹಾವನ್ನೂ ಕೊಲ್ಲುತ್ತದೆ, ಮನೆಯವರನ್ನೂ ಕೊಲ್ಲುತ್ತದೆ. ಗಾಜಿನ ಕೆಳಗೆ ಮೇಣದಬತ್ತಿ ಇಟ್ಟರೆ ಗಾಜು ಸೀಳುತ್ತದೆ.

ಸಿಂಗಲ್ ಫೇಸ್:

ಯುಪಿಎಸ್ ಬಗ್ಗೆ. 600 ವಿಎ ಯುಪಿಎಸ್ಸಿನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಕಾಗದದ ಮೇಲೆ 84 ವ್ಯಾಟ್-ಅವರ್, ಕೈಗೆ ಸಿಗುವುದು 50ರ ಆಸುಪಾಸು. ಯುಪಿಎಸ್ ತಾನೂ ತಿನ್ನುತ್ತದೆ. 20 ವ್ಯಾಟಿನ ಮ್ಯಾಟ್ ಹಚ್ಚಿದರೆ ಒಂದೂವರೆಯಿಂದ ಎರಡು ತಾಸು, 100 ವ್ಯಾಟಿನ ಸಿರಾಮಿಕ್ ಹಚ್ಚಿದರೆ ಅರ್ಧ ತಾಸೂ ಇಲ್ಲ. ಕೆಲವು ಮಾಡೆಲ್‌ಗಳು ಲೋಡ್ ತೀರಾ ಕಡಿಮೆಯಾದರೆ ಏನೂ ಹಚ್ಚಿಲ್ಲ ಎಂದು ತಿಳಿದು ತಾವೇ ಬಂದ್ ಆಗುತ್ತವೆ. ಥರ್ಮೋಸ್ಟಾಟ್ ಮ್ಯಾಟನ್ನು ಆಫ್ ಮಾಡಿದ ಕ್ಷಣದಲ್ಲೇ ಹೀಗಾದರೆ ಮತ್ತೆ ಆನ್ ಆಗುವುದಿಲ್ಲ. ಹಗಲು ಹೊತ್ತಿನಲ್ಲಿ ಒಮ್ಮೆ ಪರೀಕ್ಷಿಸಿ.

ಇನ್ವರ್ಟರ್ ತಗೊಳ್ಳುವ ಯೋಚನೆ ಇದ್ದರೆ: 150 ಆಂಪಿಯರ್-ಅವರಿನ 12 ವೋಲ್ಟ್ ಬ್ಯಾಟರಿ 1,800 ವ್ಯಾಟ್-ಅವರ್. ನಷ್ಟ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ, 1,000 ಎಂದು ಹಿಡಿಯಿರಿ. ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್ ಸೇರಿ 190 ವ್ಯಾಟ್ ಇದ್ದರೆ ಐದು ತಾಸು ಬರುತ್ತದೆ. ಮ್ಯಾಟ್ ಸೇರಿಸಿದರೆ ಅರ್ಧ ತಾಸಷ್ಟೇ ಕಡಿಮೆ. ಚಳಿಗಾಲದಲ್ಲಿ ಫ್ಯಾನೇ ಇಲ್ಲವಾದ್ದರಿಂದ ರಾತ್ರಿಯೆಲ್ಲ ನಡೆಯುತ್ತದೆ. ಇನ್ವರ್ಟರ್ ಲೈನಿಗೆ ಮ್ಯಾಟ್ ಮಾತ್ರ ಕೊಡಿ, ಸಿರಾಮಿಕ್ ಬೇಡ. ಸ್ಕ್ವೇರ್ ವೇವ್ ಇನ್ವರ್ಟರಿಗೆ ಡಿಮ್ಮರ್ ಅಥವಾ ಪಲ್ಸ್ ಮಾದರಿಯ ಥರ್ಮೋಸ್ಟಾಟ್ ಹೊಂದುವುದಿಲ್ಲ, ನಿಯಂತ್ರಣ ತಪ್ಪುತ್ತದೆ. ನಿಮ್ಮದು ರಿಲೇ ಇರುವ ಆನ್-ಆಫ್ ಮಾದರಿ, ನಡೆಯುತ್ತದೆ.

ಹಾವಿಗಾಗಿಯೇ ಆದರೆ ಇನ್ನೂ ಅಗ್ಗದ ದಾರಿ 12 ವೋಲ್ಟಿನದು. 20 ವ್ಯಾಟಿನ 12 ವೋಲ್ಟ್ ಹೀಟಿಂಗ್ ಪ್ಯಾಡ್, ಡಬ್ಲ್ಯೂ1209 ಥರ್ಮೋಸ್ಟಾಟ್ ಬೋರ್ಡ್, 26 ಆಂಪಿಯರ್-ಅವರಿನ ಸೀಲ್ಡ್ ಬ್ಯಾಟರಿ, 13.6ರಿಂದ 13.8 ವೋಲ್ಟಿನ ಫ್ಲೋಟ್ ಚಾರ್ಜರ್ (ಬ್ಯಾಟರಿಯನ್ನು ಸದಾ ತುಂಬಿಸಿಡುವುದು). ಪ್ಯಾಡ್ ಎಳೆಯುವುದು 1.7 ಆಂಪಿಯರ್. ಬ್ಯಾಟರಿಯ ಅರ್ಧ ಬಳಸಿದರೂ ಬಿಡದೆ ಏಳು ತಾಸು, ಥರ್ಮೋಸ್ಟಾಟ್ ನಡುನಡುವೆ ಆಫ್ ಮಾಡುವುದರಿಂದ ಅದಕ್ಕಿಂತ ಹೆಚ್ಚೇ. ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣಿನೊಳಗೆ 3 ಆಂಪಿಯರ್ ಫ್ಯೂಸ್ ಕಡ್ಡಾಯ. ಬೋರ್ಡಿನ ಸೆಟ್ಟಿಂಗಿನಲ್ಲಿ ಪಿ0 ಎಂಬಲ್ಲಿ ಸಿ ಇದ್ದರೆ ಅದು ತಂಪು ಮಾಡುವ ಕ್ರಮ, ಎಚ್‌ಗೆ ಬದಲಿಸಿ. ಬದಲಿಸದಿದ್ದರೆ ಬಿಸಿಯಾದಷ್ಟೂ ಪ್ಯಾಡ್ ಆನ್ ಆಗುತ್ತಲೇ ಹೋಗುತ್ತದೆ. ಪ್ರೋಬನ್ನು ಪ್ಯಾಡಿನ ಮೇಲೆಯೇ ಟೇಪಿನಿಂದ ಗಟ್ಟಿ ಹಚ್ಚಿ, ಆದರೆ ಆ ಟೇಪು ಪೆಟ್ಟಿಗೆಯ ಒಳಗೆ ಬರಬಾರದು, ಹಾವಿನ ಮೈಗೆ ಅಂಟಿಕೊಳ್ಳುತ್ತದೆ. ಪ್ರೋಬ್ ಜಾರಿ ತಂಪು ಗಾಳಿಗೆ ಬಿದ್ದರೆ ಪ್ಯಾಡ್ ನಿಲ್ಲುವುದೇ ಇಲ್ಲ. ಸುಟ್ಟ ಗಾಯಗಳಿಗೆ ಇದೂ ಒಂದು ಮೂಲ.

ಕರೆಂಟ್ ಬಂದ ಮೇಲೆ ಹತ್ತು ನಿಮಿಷ ಬಿಟ್ಟು ಪ್ಲಗ್ ಹಾಕಿ. ಬಂದ ಕೂಡಲೇ ವೋಲ್ಟೇಜ್ ಏರಿಳಿತ ಇರುತ್ತದೆ.

ಟಿಳಕವಾಡಿ:

ಇಬ್ಬರಿಗೂ ಧನ್ಯವಾದ. ಒಂದು ಸಂಶಯ ಉಳಿಯಿತು. ಹಾವು ಇಲಿ ತಿಂದ ಮರುದಿನವೇ ಕರೆಂಟ್ ಹೋದರೆ?

ಮಲಪ್ರಭಾ:

ಅದೇ ಕಷ್ಟದ ಹೊತ್ತು. ಹಾವಿನ ಜೀರ್ಣಶಕ್ತಿ ನಿಂತಿರುವುದು ಹೊರಗಿನ ಬಿಸಿಯ ಮೇಲೆ. ಮೈ ತಣ್ಣಗಾದರೆ ಹೊಟ್ಟೆಯೊಳಗಿನ ಇಲಿ ಕರಗದೆ ಕೊಳೆಯಲು ಶುರುವಾಗುತ್ತದೆ, ಹಾವು ಕಕ್ಕುತ್ತದೆ. ಹಾಗಾಗಿ ತಿಂದ 48 ತಾಸಿನೊಳಗಾದರೆ 22-23 ಸಾಕು ಎಂಬ ಮೇಲಿನ ಗಡಿ ಹಿಡಿಯಬೇಡಿ, 27-28 ಉಳಿಸಿಕೊಳ್ಳಲು ನೋಡಿ. ಮೊದಲ ಬಾಟಲಿ ಕೂಡಲೇ ಇಡಿ. ಆದರೆ ಚೀಲಕ್ಕೆ ಇಳಿಸಬೇಡಿ, ಎತ್ತಿ ಆಡಿಸಿದರೂ ಕಕ್ಕುತ್ತದೆ. ಅಡಗುವ ಡಬ್ಬಿಯ ಸಮೇತ ಮೆಲ್ಲಗೆ ಸರಿಸಿ. ಕಕ್ಕಿಯೇ ಬಿಟ್ಟರೆ ಹತ್ತರಿಂದ ಹದಿನಾಲ್ಕು ದಿನ ಏನೂ ತಿನ್ನಿಸದೆ ನೀರು ಮಾತ್ರ ಇಡಿ, ಆಮೇಲೆ ಮೊದಲಿನ ಅರ್ಧ ಗಾತ್ರದ ಇಲಿ ಕೊಡಿ. ಹೆದರಿ ಮರುದಿನವೇ ತಿನ್ನಿಸಿದರೆ ಮತ್ತೆ ಕಕ್ಕುತ್ತದೆ, ಪ್ರತಿ ಸಲವೂ ಸೊರಗುತ್ತದೆ. ಕರೆಂಟ್ ಕಡಿತದ ಪ್ರಕಟಣೆ ಪತ್ರಿಕೆಯಲ್ಲಿ ಬಂದಿದ್ದರೆ ಆ ವಾರದ ಊಟವನ್ನೇ ಮುಂದೂಡಿ. ದೊಡ್ಡ ಹಾವಿಗೆ ಒಂದು ವಾರದ ಉಪವಾಸ ಏನೂ ಅಲ್ಲ.

ತಣ್ಣಗಾದ ಹಾವನ್ನು ಒಮ್ಮೆಲೇ 33ಕ್ಕೆ ಏರಿಸಬೇಡಿ. ಎರಡು ತಾಸು ಹಿಡಿದು 26, 28, 30 ಎಂದು ಏರಿಸಿ. ಮುಂದಿನ ಹತ್ತು ದಿನ ಉಸಿರು ಗಮನಿಸಿ: ಸಿಳ್ಳೆಯಂಥ ಸದ್ದು, ಮೂಗಿನಲ್ಲಿ ಗುಳ್ಳೆ, ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರಲ್ಲಿಗೆ ಹೋಗಿ. ಎಲ್ಲ ಕಡೆ ಹಾವು ನೋಡುವವರು ಸಿಗುವುದಿಲ್ಲ, ಯಾರು ನೋಡುತ್ತಾರೆಂದು ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು. ರಾತ್ರಿ ಹಾವನ್ನು ಡಬ್ಬಿಯಲ್ಲಿಟ್ಟು ಹೊರಡಬೇಕಾದರೆ ಆ ಪತ್ರದ ಪ್ರತಿ ಮೊಬೈಲಿನಲ್ಲಿರಲಿ.

ಸೊಳ್ಳೆ ಬತ್ತಿಯ ಮಾತೂ ಇಲ್ಲೇ. ಕರೆಂಟ್ ಇಲ್ಲ, ಫ್ಯಾನ್ ಇಲ್ಲ ಎಂದು ಅದೇ ಕೋಣೆಯಲ್ಲಿ ಬತ್ತಿ ಹಚ್ಚಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್ ಸರೀಸೃಪಗಳಿಗೆ ವಿಷ.

ಬಿಸಿಲೂರು, ವಿಜಯಪುರ:

ಬೆಳಗಾವಿಯವ್ರದು ಚಳಿ ಚಿಂತಿ, ನಮ್ಮ ಕಡೆ ಏಪ್ರಿಲ್-ಮೇದಾಗ ಇದು ಉಲ್ಟಾ ಐತ್ರಿ. ಹೊರಗ 41-42 ಇದ್ದಾಗ ಕರೆಂಟ್ ಹೋತಂದ್ರ ಫ್ಯಾನ್, ಕೂಲರ್ ಎರಡೂ ಬಂದ್. ಬಾಲ್ ಪೈಥಾನಿಗೆ 35ರ ಮ್ಯಾಲೆ ತ್ರಾಸು, 38 ದಾಟಿದ್ರ ಜೀವಕ್ಕ ಕುತ್ತು. ಚಳಿಗೆ ತಾಸುಗಟ್ಟಲೆ ಟೈಮ್ ಸಿಗತೈತಿ, ಬಿಸಿಗೆ ಸಿಗಂಗಿಲ್ಲ. ಪೆಟ್ಟಿಗಿ ನೆಲದ ಮ್ಯಾಲೆ ಇಳಸ್ರಿ, ಮಾಳಗಿ ಕೆಳಗಿನ ಕೋಣ್ಯಾಗ ಇಡಬ್ಯಾಡ್ರಿ. ಹೊಸಾ ಮಣ್ಣಿನ ಮಡಿಕಿ ತೋಯಿಸಿ, ಬಾಯಿ ಒಡದು ಬೋರಲ ಹಾಕಿದ್ರ ಅಡಗಾಕ ತಂಪು ಜಾಗ ಆಗತೈತಿ, ಒಡದ ಅಂಚು ತಿಕ್ಕಿ ನುಣ್ಣಗ ಮಾಡ್ರಿ. ಹೊರಗಿಂದ ಹಸಿ ಗೋಣಿಚೀಲ ಹೊಚ್ಚಿ ಕಿಟಕಿ ತಗೀರಿ. ನಮ್ಮ ಒಣ ಗಾಳ್ಯಾಗ ಇದು ಚಲೋ ಕೆಲಸ ಮಾಡತೈತಿ, ನಿಮ್ಮ ಮಳಿಗಾಲದ ಹಸಿ ಗಾಳ್ಯಾಗ ಮಾಡಂಗಿಲ್ಲ. ಐಸ್ ಬಾಟಲಿ ಇಟ್ರ ಅರಿವಿ ಸುತ್ತಿ ಒಂದ ಮೂಲಿಗಷ್ಟ ಇಡ್ರಿ.

ಗಾಜಿನ ಪೆಟ್ಟಿಗಿ ಬಿಸಲಾಗ ಇಡೂದು, ಚಳಿಗಾಲದಾಗೂ ಬ್ಯಾಡ್ರಿ. ಬಿಯರ್ಡಿಗೆ ಹಗಲ ಬಲ್ಬ್ ಇಲ್ಲಂತ ಬಿಸಲು ಕಾಯಿಸೂದಿದ್ರ ಜಾಳಗಿ ಬುಟ್ಟಿ, ಅರ್ಧ ನೆರಳು, ಮುಂದ ಒಬ್ರು ಕುಂತಿರಬೇಕು. ಕಾಗಿ, ಬೆಕ್ಕು ಬರತಾವ.

ಟಿಳಕವಾಡಿ:

ಹಾವನ್ನು ಬೇರೆ ಡಬ್ಬಿಯಲ್ಲಿಟ್ಟು, ಖಾಲಿ ಪೆಟ್ಟಿಗೆಯಲ್ಲಿ ಎರಡು ರಾತ್ರಿ ಅಳೆದೆ. ಕೋಣೆ 17 ಡಿಗ್ರಿ, ಪೆಟ್ಟಿಗೆ 29ರಲ್ಲಿದ್ದಾಗ ಎಲ್ಲ ಆಫ್. ಜಾಳಿಗೆ ತೆರೆದಿದ್ದಾಗ ಒಂದು ತಾಸಿಗೆ 24.5, ಎರಡಕ್ಕೆ 22. ಥರ್ಮಾಕೋಲ್ ಮುಚ್ಚಿ ಕೌದಿ ಸುತ್ತಿದಾಗ ಒಂದು ತಾಸಿಗೆ 27.5, ಎರಡಕ್ಕೆ 26, ಮೂರಕ್ಕೆ 25, ನಾಲ್ಕಕ್ಕೆ 24. ಹಾಗಾದರೆ ಬಾಟಲಿ ಯಾವಾಗ ಇಡಬೇಕು? 23ಕ್ಕೆ ಇಳಿಯುವ ತನಕ ಕಾಯಲೇ?

ಕೌದಿ:

ಕಾಯಬೇಡಿ. ಬಾಟಲಿ ಬಿಸಿಯನ್ನು ನಿಲ್ಲಿಸಿಡುತ್ತದೆ, ಬಿದ್ದ ಬಿಸಿಯನ್ನು ಮೇಲೆತ್ತುವ ಶಕ್ತಿ ಅದಕ್ಕೆ ಕಡಿಮೆ. ಎರಡು ತಾಸು ಕಳೆದು 26ಕ್ಕೆ ಬಂದಾಗ ಎರಡು ಲೀಟರಿನದು ಇಡಿ, ಎರಡೂವರೆ ತಾಸಿಗೊಮ್ಮೆ ನೀರು ಬದಲಿಸಿ. ಆರು ತಾಸಿನ ಕಡಿತಕ್ಕೆ ಎರಡೇ ಸಲ ಏಳಬೇಕಾಗುತ್ತದೆ. ನಿಮ್ಮ ಪ್ರೋಬ್ ಗಾಜಿನ ಮಧ್ಯದ ಎತ್ತರದಲ್ಲಿತ್ತೋ, ನೆಲದ ಮೇಲೋ? ಹಾವು ಇರುವುದು ನೆಲದಲ್ಲಿ. ಪ್ರೋಬ್ ಮೇಲಿದ್ದಿದ್ದರೆ ಒಂದೆರಡು ಡಿಗ್ರಿ ಕಳೆದು ಓದಿ, ಇಲ್ಲವೇ ಅಡಗುವ ಡಬ್ಬಿಯೊಳಗೆ ಪ್ರೋಬ್ ಇಟ್ಟು ಇನ್ನೊಂದು ರಾತ್ರಿ ಅಳೆಯಿರಿ.