ಇಂಬಳಕ್ಕೆ ಏನು ಮಾಡುತ್ತೀರಿ?

ಜುಲೈನಲ್ಲಿ ಮುಳ್ಳೋಡಿ ಕಡೆಯಿಂದ ಕುದುರೆಮುಖ ಹತ್ತುವ ಪ್ಲಾನ್ ಇದೆ. ಮಳೆ ಸಮಸ್ಯೆ ಇಲ್ಲ, ಇಂಬಳ (ಕಾಡಿನ ಜಿಗಣೆ) ನೆನೆಸಿಕೊಂಡರೇ ಮೈ ಜುಂ ಅನ್ನುತ್ತದೆ. ಲೀಚ್ ಸಾಕ್ಸ್ ತಗೊಳ್ಳಲಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಮಲೆನಾಡ ಹುಡುಗ:
ತಗೊಳ್ಳಿ. ನೇಯ್ಗೆ ಒತ್ತಾಗಿರಲಿ, ಮೊಣಕಾಲಿನವರೆಗೆ ಬಂದು ಮೇಲೆ ಬಿಗಿಯಾಗಿ ಕಟ್ಟುವಂತಿರಲಿ. ನಮ್ಮಜ್ಜ ಹಿಂದೆಲ್ಲಾ ಶಿಕಾರಿಗೆ ಬರಿಗಾಲಲ್ಲೇ ಹೋಗುತ್ತಿದ್ದರು, ಕಾಲಿಗೆ ಹೊಗೆಸೊಪ್ಪಿನ ನೀರು ಬಳಿದುಕೊಂಡು. (1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ಕಥೆ ಮಾತ್ರ ಇನ್ನೂ ನಿಂತಿಲ್ಲ!) ಮಳೆ ಜೋರಾದರೆ ಆ ನೀರು ಅರ್ಧ ಗಂಟೆಯಲ್ಲಿ ತೊಳೆದುಹೋಗುತ್ತದೆ.

ಕಾಡುಪಾಪ:
ಕಚ್ಚಿದರೆ ಎಳೆಯಬೇಡಿ. ಬಾಯಿ ಹತ್ತಿರ ಉಗುರು ತೂರಿಸಿ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಿಡುತ್ತದೆ. ಅದರ ಜೊಲ್ಲಿನಿಂದ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಅದಕ್ಕೇ ಇಂಬಳ ಹೋದಮೇಲೂ ಸಾಕ್ಸ್ ಕೆಂಪಾಗುತ್ತಲೇ ಇರುತ್ತದೆ. ಹೆದರಬೇಡಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಮಲೆನಾಡ ಹುಡುಗ:
ಹ್ಞಾಂ, ಮತ್ತೆ ಎಲೆ ರಾಶಿ ಮೇಲೆ ಕೂತು ಚಿತ್ರಾನ್ನ ತಿನ್ನಬೇಡಿ. ನಾನು ಕೂತಿದ್ದೆ. ಎಲ್ಲಿ ಕಚ್ಚಿತು ಅಂತ ಇಲ್ಲಿ ಬರೆಯಲ್ಲ. ಫಾರೆಸ್ಟ್ ಪರ್ಮಿಟ್ ಮೊದಲೇ ಮಾಡಿಸಿದ್ದೀರಿ ಅಲ್ವಾ?