ಆ ಗೋಡೆ ಕಟ್ಟಿಸಿದವರಲ್ಲಿ ನಾನೂ ಒಬ್ಬಳು

ತಮ್ಮಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಫೋಟೋ ನೋಡಿದೆ. ನಮ್ಮೂರ ಬಾವಿ. ನೋಡಿದ ತಕ್ಷಣ ಎಲ್ಲರ ಹಾಗೆ ನಾನೂ ಒಂದು ಕೆಂಪು ಹೃದಯ ಒತ್ತಿಬಿಟ್ಟೆ. ಆಮೇಲೆ ಕೆಳಗೆ ಬರೆದದ್ದನ್ನು ಓದಿದೆ. "ಇಷ್ಟು ಚೆಂದದ ಮೆಟ್ಟಿಲು ಬಾವಿಗೆ ಅಡ್ಡ ಗೋಡೆ ಕಟ್ಟಿ ಹಾಳು ಮಾಡಿದ ಪುಣ್ಯಾತ್ಮ ಯಾರೋ" ಅಂತ ಬರೆದಿದ್ದೀಯ. ಆ ಪುಣ್ಯಾತ್ಮರಲ್ಲಿ ನಾನೂ ಒಬ್ಬಳು ನೋಡಪ್ಪ.

ಅದಕ್ಕೇ ಈ ಉದ್ದನೆ ಮೆಸೇಜು. ಬರೆದೇ ಕಳಿಸಬಹುದಿತ್ತು. ಆದರೆ ಅಕ್ಕನೂ ಈ ಗುಂಪಿನಲ್ಲಿದ್ದಾಳೆ, ಅವಳಿಗೆ ಓದಲು ಬರುವುದಿಲ್ಲ. ಅವಳೂ ಕೇಳಲಿ ಅಂತ ಮಾತಾಡಿ ಕಳಿಸುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಬೇಜಾರು ಮಾಡಿಕೊಳ್ಳಬೇಡಿ.

ಫೋಟೋ ಜೊತೆಗೆ ಇನ್ನೊಂದು ಫಾರ್ವರ್ಡ್ ಕೂಡ ಹಾಕಿದ್ದೀಯ. 70-80ರ ದಶಕವೇ ಬಂಗಾರದ ಕಾಲವಂತೆ. ಬಾವಿ ನೀರು ಅಮೃತವಂತೆ, ಬಾಗಿಲಿಗೆ ಬೀಗ ಇರಲಿಲ್ಲವಂತೆ, ಊರೆಲ್ಲ ಒಂದೇ ಮನೆಯ ಹಾಗೆ ಇತ್ತಂತೆ, ಡಾಕ್ಟರೇ ಬೇಕಿರಲಿಲ್ಲವಂತೆ. ಬೀಗದ ಮಾತು ನಿಜ. ಕದಿಯಲು ಒಳಗೆ ಏನಿತ್ತು? ನೆಲದೊಳಗಿನ ಹಗೇವಿನಲ್ಲಿ ಜೋಳ, ಗೂಟಕ್ಕೆ ಎರಡು ಸೀರೆ. ಡಾಕ್ಟರ ಮಾತನ್ನು ಮಾತ್ರ ಸ್ವಲ್ಪ ತಿದ್ದಬೇಕು. ಡಾಕ್ಟರು ಬೇಕಿದ್ದರು, ಆದರೆ ಇರಲಿಲ್ಲ. ಚಕ್ಕಡಿ ಕಟ್ಟಿಕೊಂಡು ಇಂಡಿಗೆ ಹೋಗಬೇಕಿತ್ತು. ಅಷ್ಟರಲ್ಲಿ ರೋಗಿಯ ಹಣೆಬರಹ ಮುಗಿದಿರುತ್ತಿತ್ತು.

ಇರಲಿ, ಬಾವಿಗೆ ಬರೋಣ. ನನಗೂ ಆ ಬಾವಿಯ ಮೇಲೆ ಪ್ರೀತಿ ಇದೆ. ನಿನಗಿಂತ ಜಾಸ್ತಿಯೇ ಇದೆ. ಮೇ ತಿಂಗಳಲ್ಲಿ ಹೊರಗೆ ಕಾಲಿಟ್ಟರೆ ಅಂಗಾಲು ಸುಡುತ್ತಿತ್ತು. ಎಂಟು-ಹತ್ತು ಮೆಟ್ಟಿಲು ಇಳಿದರೆ ಸಾಕು, ಬೇರೆಯದೇ ಊರು. ತಂಪು ಗಾಳಿ, ಪಾಚಿಯ ವಾಸನೆ, ಗೋಡೆಯ ಸಂದಿಯಲ್ಲಿ ಪಾರಿವಾಳ. ಮಾತಾಡಿದರೆ ಮಾತು ಎರಡು ಸಲ ಕೇಳುತ್ತಿತ್ತು. ಊರಿನ ಸೊಸೆಯರು ಬಾಯಿ ಬಿಟ್ಟು ನಗುತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ಬಾಯಿ ಹೊಲಿದುಕೊಂಡವರು, ಬಾವಿಯಲ್ಲಿ ಅತ್ತೆಯ ನಡಿಗೆಯನ್ನೇ ನಡೆದು ತೋರಿಸುತ್ತಿದ್ದರು. ನಾನು ಸಣ್ಣವಳು, ಸಿಂಬಿ ಹಿಡಿದುಕೊಂಡು ಸುಮ್ನೆ ಕೇಳುತ್ತಾ ನಿಂತಿರುತ್ತಿದ್ದೆ. ಈಗಲೂ ಒಮ್ಮೊಮ್ಮೆ ಆ ನಗು ಕನಸಿನಲ್ಲಿ ಬರುತ್ತದೆ.

ಈಗ ನಿನ್ನ ಅಪ್ಪನ ಕಾಲಿನ ವಿಷಯ ಹೇಳುತ್ತೇನೆ. ಅವನು, ಅಂದರೆ ನನ್ನ ತಮ್ಮ, ಇದನ್ನು ಕೇಳಿ ನನ್ನ ಮೇಲೆ ಸಿಟ್ಟಾಗಬಹುದು, ಆಗಲಿ.

ಅವನ ಎಡಗಾಲಿನ ಹರಡಿನ ಹತ್ತಿರ ಒಂದು ಗುಳಿ ಬಿದ್ದ ಕಲೆ ಇದೆಯಲ್ಲ? ನೀನು ಚಿಕ್ಕವನಿದ್ದಾಗ ಕೇಳಿದ್ದೆ. ಚಕ್ಕಡಿ ಗಾಲಿ ಹತ್ತಿತು ಅಂತ ಹೇಳಿದ. ನಾನೂ ಹೂಂ ಅಂದೆ. ಚಕ್ಕಡಿಯೂ ಇಲ್ಲ, ಗಾಲಿಯೂ ಇಲ್ಲ. ಅದು ನಾರು. ನಾರು ಹುಣ್ಣು. ನಿಮ್ಮ ವಾರಗೆಯವರು ಹೆಸರೂ ಕೇಳಿರಲಿಕ್ಕಿಲ್ಲ.

1972ರಲ್ಲಿ ಮಳೆ ಹೋಯಿತು. ಹಳಬರು ಈಗಲೂ ಎಪ್ಪತ್ತೆರಡರ ಬರ ಅಂತಲೇ ಹೇಳುತ್ತಾರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ನಮ್ಮ ಕಡೆ ಡೋಣಿ ಹೊಳೆಯ ಮೇಲೆ ಗಾದೆ ಇದೆಯಲ್ಲ, ಆ ವರ್ಷ ಹಗೇವಿನ ತಳ ಕಂಡಿತು. ಅವ್ವ ರಸ್ತೆ ಕೆಲಸಕ್ಕೆ ಖಡಿ ಒಡೆಯಲು ಹೋದಳು. ತಿನ್ನಲು ಕೆಂಪು ಜೋಳ. ಅದರ ರೊಟ್ಟಿ ತಟ್ಟಿದರೆ ಹರಿಯುತ್ತಿತ್ತು, ಹೊಟ್ಟೆಗೂ ಹಿಡಿಸುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಬಾವಿ ತಳ ಹಿಡಿಯಿತು. ಮೊದಲು ಮೆಟ್ಟಿಲ ಮೇಲೆ ಕೂತು ಕೊಡ ಮುಳುಗಿಸುತ್ತಿದ್ದ ಜನ, ಈಗ ಕೊನೆಯ ಮೆಟ್ಟಿಲೂ ದಾಟಿ ಕೆಸರಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ತಂಬಿಗೆಯಿಂದ ತುಂಬಿಕೊಳ್ಳುತ್ತಿದ್ದರು. ಅದೇ ನೀರು ಕುಡಿಯಲಿಕ್ಕೂ.

ಅದರ ಮರುವರ್ಷ, ಬೇಸಿಗೆಯಲ್ಲೇ, ತಮ್ಮನ ಕಾಲು ಊದಿತು. ಮೊದಲು ಬೊಬ್ಬೆ. ಬೆಂಕಿ ಇಟ್ಟ ಹಾಗೆ ಉರಿ ಅಂತ ಅಳುತ್ತಿದ್ದ. ಬೊಬ್ಬೆ ಒಡೆದು ಬಿಳಿ ದಾರದ ತುದಿಯಂಥದ್ದು ಹೊರಗೆ ಬಂತು. ಮೈಯೊಳಗಿನ ನರವೇ ಹೊರಗೆ ಬರುತ್ತಿದೆ ಅಂತ ಅವ್ವ ಹೆದರಿ ದೇವರಿಗೆ ಹರಕೆ ಹೊತ್ತಳು. ಎಕ್ಕೆ ಎಲೆ ಕಾಯಿಸಿ ಕಟ್ಟಿದಳು. ಓಣಿಯ ಅಜ್ಜ ಒಬ್ಬರು ಆ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಿನಷ್ಟು ಎಳೆದು, ಮತ್ತೆ ಕಟ್ಟಿ ಹೋಗುತ್ತಿದ್ದರು. ಜೋರಾಗಿ ಎಳೆದರೆ ಹರಿಯುತ್ತದೆ. ಹರಿದರೆ ಒಳಗೇ ಕೀವಾಗುತ್ತದೆ. ಅವನದು ಒಮ್ಮೆ ಹರಿಯಿತು. ಆ ಗುಳಿ ಅಲ್ಲಿಂದ ಬಂದದ್ದು. ಎರಡು ತಿಂಗಳು ಜೋಳದ ಚೀಲದ ಮೇಲೆ ಮಲಗಿದ. ಆ ಸಲದ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ತಪ್ಪಿತು. ಬುದ್ಧಿವಂತ ಹುಡುಗ, ಒಂದು ವರ್ಷ ಹಿಂದೆ ಬಿದ್ದ. ನಾಚಿಕೆಯಾಗಿ ಚಕ್ಕಡಿ ಕಥೆ ಕಟ್ಟಿದ. ನಾವೆಲ್ಲ ಸೇರಿ ಅದನ್ನೇ ನಿಜ ಮಾಡಿದೆವು.

ತಡೆಯಿರಿ, ಕುಕ್ಕರ್ ಇಳಿಸಿ ಬರುತ್ತೇನೆ.

ಹಾಂ. ಇದು ಎಲ್ಲಿಂದ ಬರುತ್ತದೆ ಅಂತ ನನಗೂ ಆಗ ಗೊತ್ತಿರಲಿಲ್ಲ. ನರ್ಸಮ್ಮನ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. 1983-84ರಲ್ಲಿ ಸರಕಾರ ನಾರುಹುಣ್ಣು ನಿರ್ಮೂಲನೆ ಕಾರ್ಯಕ್ರಮ ಶುರು ಮಾಡಿತು. ಬಿಜಾಪುರ ಜಿಲ್ಲೆಯೂ ಅದರಲ್ಲಿತ್ತು. ಆಗ ಬಾಗಲಕೋಟೆಯೂ ನಮ್ಮ ಜಿಲ್ಲೆಯೇ, 1997ರ ತನಕ. ನಮಗೆ ಕಲಿಸಿದ್ದು ಇಷ್ಟು. ನೀರಿನಲ್ಲಿ ಕಣ್ಣಿಗೆ ಕಂಡೂ ಕಾಣದ ಒಂದು ಚಿಕ್ಕ ಹುಳ ಇರುತ್ತದೆ, ಸೈಕ್ಲಾಪ್ಸ್. ನಾರಿನ ಮರಿ ಅದರ ಹೊಟ್ಟೆಯಲ್ಲಿ ಬೆಳೆಯುತ್ತದೆ. ಆ ನೀರು ಕುಡಿದರೆ ನಮ್ಮ ಹೊಟ್ಟೆಗೆ ಬಂತು. ಸುಮಾರು ಒಂದು ವರ್ಷ ಸದ್ದಿಲ್ಲದೆ ಒಳಗೇ ಬೆಳೆದು, ಒಂದು ಮೀಟರಿನ ತನಕ ಉದ್ದವಾಗಿ, ಕಾಲಿನ ಹತ್ತಿರ ಹೊರಬರುತ್ತದೆ. ಉರಿ ತಡೆಯಲಾರದೆ ಮನುಷ್ಯ ಕಾಲನ್ನು ತಣ್ಣೀರಿನಲ್ಲಿ ಇಡುತ್ತಾನೆ. ಅದಕ್ಕೂ ಅದೇ ಬೇಕು. ನೀರು ತಾಗಿದ ಕೂಡಲೇ ಲಕ್ಷಗಟ್ಟಲೆ ಮರಿ ಬಿಡುತ್ತದೆ. ಮತ್ತೆ ಬಾವಿ, ಮತ್ತೆ ಸೈಕ್ಲಾಪ್ಸ್, ಮತ್ತೆ ಕೊಡ.

ಗುಳಿಗೆ ಇಲ್ಲ, ಲಸಿಕೆ ಇಲ್ಲ. ಜನರ ಕೈಯಲ್ಲಿದ್ದ ಮುಖ್ಯ ಉಪಾಯ ಎರಡು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು. ನಾರು ಬಂದ ಕಾಲು ಬಾವಿಗೆ ಇಳಿಯಬಾರದು. ಮೆಟ್ಟಿಲು ಇರುವ ತನಕ ಜನ ಇಳಿಯದೇ ಇರುತ್ತಾರಾ? ಅದಕ್ಕೇ ಮೆಟ್ಟಿಲು ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಗಡಗಡೆ ಹಾಕಿ ಸೇದುವ ಬಾವಿ ಮಾಡಿದರು. ನೀನು ಫೋಟೋದಲ್ಲಿ ಕಂಡ ಗೋಡೆ ಅದು.

ನಮ್ಮೂರಿನಲ್ಲಿ ಅದು ಸುಲಭವಾಗಿ ಆಗಲಿಲ್ಲ. ಹಿರಿಯರ ಬಾವಿಗೆ ಕೈ ಹಚ್ಚಬೇಡಿ ಅಂತ ಚಾವಡಿಯಲ್ಲಿ ದೊಡ್ಡ ಗಲಾಟೆ. ನಮ್ಮ ಕಾಕಾನೇ ಮುಂದೆ ನಿಂತಿದ್ದ. ನಿನ್ನೆ ಮೊನ್ನೆ ನರ್ಸಾದ ಹುಡುಗಿ ನಮಗೆ ನೀರು ಕುಡಿಯಲು ಕಲಿಸುತ್ತಾಳಾ ಅಂದ. ನಾನು ಒಂದು ಗಾಜಿನ ಲೋಟದಲ್ಲಿ ಬಾವಿ ನೀರು ತುಂಬಿ, ಬಿಸಿಲಿಗೆ ಹಿಡಿದು ತೋರಿಸಿದೆ. ಒಳಗೆ ಚುಕ್ಕಿ ಚುಕ್ಕಿ ಜಿಗಿಯುತ್ತಿದ್ದವು. ಕಾಕಾ ನೋಡಿದ. ಏನೂ ಮಾತಾಡಲಿಲ್ಲ. ಮರುದಿನದಿಂದ ಕಾಕುವಿನ ಸೀರೆ ತುಂಡನ್ನು ಎರಡು ಮಡಿಕೆ ಮಾಡಿ ಸೋಸಿ ಕುಡಿದನಂತೆ. ಗೋಡೆಗೆ ಮಾತ್ರ ಕೊನೆತನಕ ಹೂಂ ಅನ್ನಲಿಲ್ಲ, ಅದು ಅವನ ಹಟ.

ಈಗ ಹೇಳಬೇಕೋ ಬೇಡವೋ ಅಂತ ನಿನ್ನೆ ರಾತ್ರಿಯಿಂದ ಯೋಚಿಸುತ್ತಿರುವ ಮಾತು. ಊರೆಲ್ಲ ಒಂದೇ ಮನೆ ಅಂದೆಯಲ್ಲ, ಅದಕ್ಕೆ.

ನಿನ್ನ ಫೋಟೋದಲ್ಲಿ ಬಲಗಡೆ ಮೂಲೆಯಲ್ಲಿ ಒಂದು ಕಲ್ಲು ಕಾಣುತ್ತದೆ, ಹಾಸುಗಲ್ಲು. ನೀನು ಅದರ ಮೇಲೆ ಚಪ್ಪಲಿ ಬಿಟ್ಟಿದ್ದೀಯ. ಕೆಳಗಿನ ಕೇರಿಯ ಹೆಣ್ಣುಮಕ್ಕಳು ಕೊಡ ಇಟ್ಟುಕೊಂಡು ಕೂರುತ್ತಿದ್ದ ಜಾಗ ಅದು. ಅವರು ಮೆಟ್ಟಿಲು ಇಳಿಯುವಂತಿರಲಿಲ್ಲ. ನಮ್ಮಂಥವರು ಯಾರಾದರೂ ಮೇಲೆ ಬರುವಾಗ, ಮನಸ್ಸಿದ್ದರೆ, ಅವರ ಕೊಡಕ್ಕೆ ಹೊಯ್ಯಬೇಕಿತ್ತು. ಶಾಲೆಯಲ್ಲಿ ನನ್ನ ವರ್ಗದವಳೇ ಒಬ್ಬಳು ಅಲ್ಲಿ ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಚುರುಕು. ನಾನೇ ಎಷ್ಟೋ ಸಲ ಹೊಯ್ದಿದ್ದೇನೆ. ನನ್ನ ಕೊಡ ಅವಳ ಕೊಡಕ್ಕೆ ತಾಗಬಾರದು ಅಂತ ಮೊಳದಷ್ಟು ಮೇಲಿಂದ ಹೊಯ್ಯುತ್ತಿದ್ದೆ. ಅರ್ಧ ನೀರು ನೆಲಕ್ಕೆ ಹೋಗುತ್ತಿತ್ತು. ಆಗ ಅದು ನನಗೆ ಆಟದ ಹಾಗೆ ಇತ್ತು, ಎಷ್ಟು ಎತ್ತರದಿಂದ ಹೊಯ್ಯಬಲ್ಲೆ ಅಂತ. ನೀರು ಸಿಗುವ ತನಕ ಕೂತು, ಶಾಲೆಗೆ ತಡವಾಗಿ ಬಂದು, ಬಾಗಿಲಲ್ಲಿ ಬೈಸಿಕೊಳ್ಳುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ಬಾವಿಯಿಂದ ಯಾರನ್ನೂ ತಡೆಯುವ ಹಾಗಿಲ್ಲ ಅಂತ ಕಾನೂನು 1955ರಲ್ಲೇ ಬಂದಿತ್ತು. ನಾನು ಎತ್ತರದಿಂದ ಹೊಯ್ದದ್ದು 1970ರ ಸುಮಾರಿಗೆ.

ತರಬೇತಿಯಲ್ಲಿ ಕರಿ ಹಲಗೆಯ ಮೇಲೆ ನಾರಿನ ಚಿತ್ರ ಬಿಡಿಸಿ ಹೇಳುತ್ತಿದ್ದಾಗ ನನಗೆ ಆ ಕಲ್ಲು ನೆನಪಾಯಿತು. ಕೇರಿಯಲ್ಲೂ ನಾರು ಇತ್ತು. ಅವಳ ಅಣ್ಣನಿಗೇ ಆಗಿತ್ತು. ಆದರೆ ಅವರಲ್ಲಿ ಒಬ್ಬರೂ ಆ ನೀರಿಗೆ ಕಾಲಿಟ್ಟವರಲ್ಲ. ಇಳಿದವರು ನಾವು. ನಮ್ಮ ಕಾಲಿನ ನಾರು ನೀರಿಗೆ ಹೋಯಿತು, ಆ ನೀರನ್ನು ನಾವೇ ಎತ್ತಿ ಅವರ ಕೊಡಕ್ಕೆ ಹೊಯ್ದೆವು. ಅವರು ಮುಟ್ಟಿದರೆ ನೀರು ಕೆಡುತ್ತದೆ ಅಂತ ಹೇಳುತ್ತಾ ಹೊಯ್ದೆವು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಗೋಡೆ ಕಟ್ಟಿದ ಮೇಲೆ ಇದೆಲ್ಲ ಸರಿಹೋಯಿತು ಅಂತ ತಿಳಿಯಬೇಡ. ಹಗ್ಗ ಯಾರು ಮುಟ್ಟಬೇಕು ಅಂತ ಮತ್ತೆ ಜಗಳ. ಕೊನೆಗೆ ಕೇರಿಗೆ ಬೇರೆ ಬೋರಿಂಗ್ ಹಾಕಿದರು, ಕೈಯಿಂದ ಹೊಡೆಯುವ ಪಂಪು. ತಮಾಷೆ ಕೇಳು, ಮುಂದೆ ಒಂದು ಬೇಸಿಗೆ ನಮ್ಮ ಬಾವಿ ಬತ್ತಿತು, ಅವರ ಬೋರಿಂಗ್ ಬತ್ತಲಿಲ್ಲ. ನಮ್ಮ ಓಣಿಯ ಹೆಂಗಸರು ಕತ್ತಲಿರುವಾಗಲೇ ಕೊಡ ತೆಗೆದುಕೊಂಡು ಕೇರಿಗೆ ಹೋದರು. ಮೈಲಿಗೆ ಆಗ ಯಾರಿಗೂ ನೆನಪಾಗಲಿಲ್ಲ. ಅಲ್ಲಿ ಯಾರೂ ಇವರನ್ನು ಕಲ್ಲಿನ ಮೇಲೆ ಕೂರಿಸಲಿಲ್ಲ.

ನಾರು ಹೋಯಿತು. ದೇಶದಲ್ಲಿ ಕೊನೆಯ ನಾರು ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. ಸೀರೆ ತುಂಡು, ಗೋಡೆ, ಬೋರಿಂಗ್, ಮನೆ ಮನೆ ತಿರುಗಾಟ, ಹೆಚ್ಚಾಗಿ ಇವುಗಳಿಂದಲೇ ಹೋಯಿತು. ಎಷ್ಟು ಚಪ್ಪಲಿ ಸವೆಸಿದ್ದೇವೆ ನಾವು! ನನಗೆ ಅದರ ಹೆಮ್ಮೆ ಇದೆ, ಸುಳ್ಳು ಯಾಕೆ ಹೇಳಲಿ.

ಅಕ್ಕಾ, ನೀನು ಕೇಳುತ್ತಿದ್ದೀಯಾ? ನಿನ್ನ ವಿಷಯ ಹೇಳಬೇಡ ಅಂತೀಯ, ಆದರೂ ಒಂದು ಮಾತು. ಮಕ್ಕಳೇ, ನಿಮ್ಮ ದೊಡ್ಡತ್ತೆಗೆ 13ಕ್ಕೆ ಮದುವೆಯಾಯಿತು, 1968ರಲ್ಲಿ. ಆಗಿನ ಕಾನೂನಿನಲ್ಲೂ 15 ಆಗಿರಬೇಕಿತ್ತು. 1978ರಲ್ಲಿ 18 ಮಾಡಿದರು. ಯಾರು ಕೇಳಬೇಕು? ಅವಳನ್ನು ಎರಡನೇ ಇಯತ್ತೆಗೇ ಶಾಲೆ ಬಿಡಿಸಿದ್ದರು, ನೀರು ತರಲಿಕ್ಕೆ. ಅವಳು ತಂದ ನೀರು ಕುಡಿದು ನಾನು ಓದಿದೆ. ಅವಳ ನೆತ್ತಿಯ ಮೇಲೆ ಸಿಂಬಿ ಇಟ್ಟ ಜಾಗದಲ್ಲಿ ಕೂದಲು ಸವೆದದ್ದು ಈಗಲೂ ಕಾಣುತ್ತದೆ. ಬಾವಿಯಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಇವಳೇ. ಎರಡೂ ನಿಜ, ನಾನೇನು ಮಾಡಲಿ.

ತಪ್ಪು ನಿನ್ನದಲ್ಲ ತಮ್ಮಾ. ನಿಮಗೆ ಕಥೆ ಹೇಳಿದವರು ನಾವು. ನೀವು ರಜೆಗೆ ಬರುತ್ತಿದ್ದಿರಿ, ಅಂಗಳದಲ್ಲಿ ಮಲಗಿಸಿಕೊಂಡು ಪಾರಿವಾಳದ ಕಥೆ ಹೇಳಿದೆವು, ಎಳೆ ಜೋಳದ ಸೀತನಿ ಸುಟ್ಟು ತಿನ್ನಿಸಿದೆವು. ನಾರಿನ ಕಥೆ, ಕಲ್ಲಿನ ಕಥೆ ಮಕ್ಕಳಿಗೆ ಯಾಕೆ ಅಂತ ಬಿಟ್ಟೆವು. ನಾವು ಬಿಟ್ಟದ್ದು ಇಲ್ಲದ್ದೇ ಆಗಿಬಿಟ್ಟಿದೆ ನೋಡು.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಸೇರೋಣ, ಬಾವಿಯ ಹೂಳು ತೆಗೆಸೋಣ, ಗೋಡೆ ಒಡೆದು ಮೆಟ್ಟಿಲು ಬಿಡಿಸೋಣ ಅಂದಿದ್ದೀಯ. ಬಾ. ಹೂಳು ತೆಗೆಸು, ನಾನೂ ಹಣ ಹಾಕುತ್ತೇನೆ. ಈಗ ಆ ನೀರು ಯಾರೂ ಕುಡಿಯುವುದಿಲ್ಲ, ಬೇಕಾದರೆ ಗೋಡೆಯನ್ನೂ ಒಡೆಸು, ನನ್ನ ಹಟ ಏನಿಲ್ಲ. ಕಲ್ಲು ಕೆಲಸ ಚೆಂದವೇ ಇದೆ. ಇಲ್ಲಿ ವಿಜಯಪುರದ ತಾಜ್ ಬಾವಡಿ ನೋಡು, 1620ರಲ್ಲಿ ಕಟ್ಟಿದ್ದು, ಇವತ್ತಿಗೂ ಜನ ಬಂದು ನೋಡುತ್ತಾರೆ. ನಮ್ಮದೂ ಇರಲಿ. ಒಡೆಸುವ ಮೊದಲು ಕೇರಿಯವರನ್ನೂ ಒಂದು ಮಾತು ಕೇಳು. ಅವಳು ಈಗಲೂ ಊರಿನಲ್ಲೇ ಇದ್ದಾಳೆ. ನಾನು ಹೋಗಿ ಕರೆಯುತ್ತೇನೆ. ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಬಂದರೆ ಆ ಹಾಸುಗಲ್ಲನ್ನು ಇಡಬೇಕೋ ತೆಗೆಯಬೇಕೋ ಅವಳೇ ಹೇಳಲಿ.

ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ ಅಲ್ಲೇ ಊಟ ಮಾಡೋಣ. ಸಜ್ಜೆ ರೊಟ್ಟಿ, ಪುಂಡಿ ಪಲ್ಯ ನನ್ನ ಪಾಲಿಗಿರಲಿ. ಶೇಂಗಾ ಹೋಳಿಗೆ ಅಕ್ಕ ಮಾಡಲಿ, ನನ್ನದು ಗಟ್ಟಿಯಾಗುತ್ತದೆ. ಅಪ್ಪನಿಗೆ ಪ್ಯಾಂಟು ಬೇಡ, ಧೋತರ ಉಟ್ಟುಕೊಂಡು ಬಾ ಅಂತ ಹೇಳು. ಮೊಮ್ಮಕ್ಕಳು ಆ ಕಾಲು ನೋಡಲಿ.

ಅಯ್ಯೋ, ನಳದ ನೀರು ಬಂತು. ಸದ್ದು ಕೇಳಿಸಿತಾ? ಇವತ್ತು ಬಿಟ್ಟರೆ ಮತ್ತೆ ಯಾವಾಗಲೋ. ಕೊಡ ಹಚ್ಚಿ ಬರುತ್ತೇನೆ, ಇಡುತ್ತೇನೆ.