‘ಭಾರತದ ಪ್ರಜೆಗಳಾದ ನಾವು’: ಪ್ರಜೆಯೋ, ಜನತೆಯೋ?

ಸಂವಿಧಾನದ ಪ್ರಸ್ತಾವನೆಯ ಮೊದಲ ಸಾಲು ಕನ್ನಡದಲ್ಲಿ ಎರಡು ಬಗೆಯಾಗಿ ಬಳಕೆಯಲ್ಲಿದೆ. ಶಾಲೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ‘ಭಾರತದ ಪ್ರಜೆಗಳಾದ ನಾವು’; ‘ಭಾರತದ ಜನತೆಯಾದ ನಾವು’ ಎಂಬ ರೂಪವೂ ಉಂಟು. ಇವುಗಳಲ್ಲಿ ಮೂಲದ ಆಶಯಕ್ಕೆ ಹತ್ತಿರವಾದದ್ದು ಯಾವುದು?

ಇಂಗ್ಲಿಷ್ ಮೂಲವು ಸಂವಿಧಾನವನ್ನು ತನಗೆ ತಾನೇ ಅರ್ಪಿಸಿಕೊಳ್ಳುವ ಸಮೂಹವನ್ನು ‘ಪೀಪಲ್’ ಎಂದೂ, ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳಿಗೆ ಹಕ್ಕುದಾರರಾದ ಒಬ್ಬೊಬ್ಬರನ್ನೂ ‘ಸಿಟಿಜನ್ಸ್’ ಎಂದೂ ಬೇರೆಬೇರೆಯಾಗಿ ಕರೆದಿದೆ. ಕನ್ನಡದ ‘ಪ್ರಜೆ’ ಎಣಿಕೆಗೆ ಸಿಗುವ ಪದ. ‘ನಾನು ಭಾರತದ ಪ್ರಜೆ’ ಎನ್ನುವಾಗ ಅದಕ್ಕೂ ‘ನಾಗರಿಕ’ಕ್ಕೂ ಅಂತರವೇ ಉಳಿಯುವುದಿಲ್ಲ. ‘ಜನತೆ’ ಹಾಗಲ್ಲ: ‘ಜನತೆ ತೀರ್ಪು ನೀಡಿತು’ ಎಂದು ನಪುಂಸಕ ಏಕವಚನದಲ್ಲೇ ನಡೆಯುವ ಆ ಪದದೊಳಗಿನಿಂದ ಯಾರೂ ‘ನಾನು’ ಎಂದು ಎದ್ದು ನಿಲ್ಲಲಾರರು. (ತೆಲುಗಿನ ‘ಪ್ರಜಲು’ ಎಂದರೆ ಜನರು ಎಂದಷ್ಟೇ, ಅವರಿಗೆ ಈ ತೊಡಕಿಲ್ಲ.)

‘ಪ್ರಜೆ’ ಎಂದರೆ ರಾಜನ ಅಧೀನನಲ್ಲವೇ ಎಂಬ ಆಕ್ಷೇಪವೂ ಇದೆ. 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಹೆಸರಿನಲ್ಲಿ ಆ ಅರ್ಥವೇ ಇದೆ. ಆದರೆ ‘ಪ್ರಜಾಪ್ರಭುತ್ವ’ ಬಳಕೆಗೆ ಬಂದ ಮೇಲೆ ಆ ನಂಟು ಬಹುಮಟ್ಟಿಗೆ ಕಳಚಿರುವುದರಿಂದ, ಈ ಆಕ್ಷೇಪವನ್ನು ನಾನು ದೊಡ್ಡದಾಗಿ ಎಣಿಸುವುದಿಲ್ಲ.

ಪದಕ್ಕೆ ಪದವಿಟ್ಟು ನೋಡಿದರೆ ‘ಜನತೆ’ಯೇ ಸರಿ. ಆದರೂ ನನ್ನ ಒಲವು ‘ಪ್ರಜೆಗಳು’ ಕಡೆಗೆ. ಕರಡು ಸಂವಿಧಾನವು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನೇ ಘಟಕವಾಗಿ ಅಂಗೀಕರಿಸಿದೆಯೆಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿದರು. ಸಾವಿರಾರು ಜಾತಿಗಳಾಗಿ ಒಡೆದವರು ರಾಷ್ಟ್ರವಾಗುವುದು ಹೇಗೆಂದು 1949ರ ನವೆಂಬರ್ 25ರಂದು ಕೇಳಿದವರೂ ಅವರೇ. ಅಂದರೆ, ಒಂದೇ ದನಿಯಲ್ಲಿ ಮಾತಾಡಬಲ್ಲ ‘ಜನತೆ’ ಆಗಲೇ ಸಿದ್ಧವಾಗಿತ್ತೆಂದು ಅವರು ನಂಬಿರಲಿಲ್ಲ. ಭ್ರಾತೃತ್ವದ ಸಾಲಿನಲ್ಲಿಯೂ ವ್ಯಕ್ತಿಗೌರವ ಮೊದಲು, ರಾಷ್ಟ್ರದ ಏಕತೆ ಆಮೇಲೆ; ‘ಅಖಂಡತೆ’ಯಂತೂ 1976ರ 42ನೆಯ ತಿದ್ದುಪಡಿಯಲ್ಲಿ ಸೇರಿದ್ದು. ಒಬ್ಬೊಬ್ಬರಾಗಿ ಎಣಿಸಿಕೊಂಡೇ ‘ನಾವು’ ಎನ್ನುವ ಬಹುವಚನ ಈ ಕ್ರಮಕ್ಕೆ ಒಪ್ಪುತ್ತದೆ.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ‘ನಾಲ್ಕು ಜನ ಬಂದರು’ ಎಂದು ಎಣಿಕೆಗೂ, ‘ಜನ ಒಪ್ಪುವುದಿಲ್ಲ’ ಎಂದು ಸಮೂಹಕ್ಕೂ ಒದಗುವ ‘ಜನ’ ನಮ್ಮಲ್ಲಿರುವಾಗ, ‘ಭಾರತದ ಜನರಾದ ನಾವು’ ಎಂದರೆ ಎರಡು ಅರ್ಥಗಳೂ ಕೂಡಿಬರುತ್ತಿದ್ದವಲ್ಲವೇ? ಕಾನೂನಿನ ಕನ್ನಡದಲ್ಲಿ ಆ ಪದವನ್ನು ಒಲ್ಲದಿರುವುದಕ್ಕೆ ವ್ಯಾಕರಣದ ಕಾರಣವಿದೆಯೇ, ಅಥವಾ ಅದು ಆಡುಮಾತಿನದೆಂಬ ಹಿಂಜರಿಕೆ ಮಾತ್ರವೇ? ಅನುವಾದದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.